ಮೂಗಿಗೆ ಝುಮ್ಮೆನ್ನುವ ದ್ರಾಕ್ಷಿ ರಸ

ಗೊತ್ತಿಲ್ಲದವರು ಮಾಡುವ ತಪ್ಪು ಸಾಮಾನ್ಯವಾಗಿ ಸಣ್ಣದಾಗಿರುತ್ತದೆ. ನಡುವೆ ಎಲ್ಲೋ ಹೆದರಿ ಯಾರನ್ನಾದರೂ ಕೇಳುತ್ತಾರೆ. ಗೊತ್ತಿದ್ದವರು ಯಾರನ್ನೂ ಕೇಳುವುದಿಲ್ಲವಾದ್ದರಿಂದ ಅವರ ತಪ್ಪು ಸಾಂಗವಾಗಿ ನೆರವೇರುತ್ತದೆ. ನಾನು ಅಥಣಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ಮಿಕ್ಸರ್ ಕೆಟ್ಟರೆ ಮೊದಲು ನಾನು ಬಿಚ್ಚುತ್ತೇನೆ. ಆಮೇಲೆ ರಿಪೇರಿಯವನು ಬಂದು ಮಿಕ್ಸರ್ ಕೆಟ್ಟಿದ್ದನ್ನೂ ನಾನು ಕೆಡಿಸಿದ್ದನ್ನೂ ಒಟ್ಟಿಗೆ ಸರಿಮಾಡುತ್ತಾನೆ. ಇಷ್ಟು ಹೇಳಿದರೆ ನನ್ನ ಪರಿಚಯವಾಯಿತು.

ಈ ಸಲ ದ್ರಾಕ್ಷಿ ಸುಗ್ಗಿಯ ಹೊತ್ತಿಗೆ ನಮ್ಮ ಮಗಳು ವಿದ್ಯಾ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ನಿಪ್ಪಾಣಿಯಿಂದ ಬಂದಳು. ಏಳನೇ ತಿಂಗಳು. ಬಯಕೆ ಏನೆಂದು ಅವಳ ತಾಯಿ ಸುವರ್ಣಾ ಕೇಳಿದಾಗ ಹುಳಿ ಮಾವಿನಕಾಯಿ, ಕರ್ಚಿಕಾಯಿ ಅಂತ ಹೇಳಿಯಾಳು ಅಂದುಕೊಂಡಿದ್ದೆವು. ಅವಳು ನನ್ನ ಕಡೆ ತಿರುಗಿ ಹೇಳಿದಳು: “ಅಪ್ಪಾ, ಗ್ಯಾಸ್ ಇದ್ದದ್ದು ಏನರ ಕುಡೀಬೇಕು ಅನಸಾಕತ್ತೈತಿ. ಮೂಗಿಗೆ ಝುಮ್ ಅನಬೇಕು.” ಆದರೆ ಅಂಗಡಿಯ ಬಣ್ಣದ ಬಾಟಲಿ ಮುಟ್ಟಬಾರದೆಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಮಗಳ ಮುಖ ಸಣ್ಣದಾಯಿತು. ಮನೆಯಲ್ಲೇ ಮಾಡಿಕೊಡುತ್ತೇನೆ, ಕುಬಸದ ದಿನ ಎಲ್ಲರ ಮುಂದೆ ಕುಡಿಯುವೆಯಂತೆ ಎಂದು ನಾನು ಮಾತು ಕೊಟ್ಟುಬಿಟ್ಟೆ. ಸುವರ್ಣಾ ನನ್ನನ್ನೊಮ್ಮೆ, ಮಿಕ್ಸರನ್ನೊಮ್ಮೆ ನೋಡಿದಳು.

ಸುವರ್ಣಾಳ ತಮ್ಮನಿಗೆ ಐಗಳಿಯಲ್ಲಿ ದ್ರಾಕ್ಷಿ ತೋಟವಿದೆ. ಫೋನ್ ಮಾಡಿದ್ದೇ ತಡ, ಎರಡು ಟ್ರೇ ಕರಿದ್ರಾಕ್ಷಿ ತಂದಿಳಿಸಿದ. ಇಷ್ಟು ಚಲೋ ಹಣ್ಣನ್ನು ತಿನ್ನುವುದು ಬಿಟ್ಟು ಬಾಟಲಿಗೆ ಯಾಕೆ ತುಂಬುತ್ತೀರೆಂದು ಕೇಳಿದ. ಅವನಿಗೆ ನಾನು ಗುಳ್ಳೆಗಳ ಶಾಸ್ತ್ರವನ್ನು ವಿವರಿಸಿದೆ. ರಸಕ್ಕೆ ಚಿಟಿಕೆ ಯೀಸ್ಟ್ ಹಾಕಿದರೆ ಅದು ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ, ಆ ಅನಿಲವೇ ಝುಮ್. ಪಾಪ, ಚಹಾ ಆರುವವರೆಗೂ ಕೇಳಿ, ಹೌದ್ರಿ ಹೌದ್ರಿ ಎನ್ನುತ್ತ ಎದ್ದುಹೋದ.

ರಸ ಹಿಂಡಿ, ಯೀಸ್ಟ್ ಹಾಕಿ ಬಾಟಲಿಗಳಿಗೆ ತುಂಬಿದೆ. ಫೋನಿನಲ್ಲಿ ನೋಡಿದ ವಿಡಿಯೊದಲ್ಲಿ ಒಂದು ದಿನ ಇಟ್ಟು ಫ್ರಿಜ್ಜಿಗೆ ಸೇರಿಸಿ ಎಂದಿತ್ತು. ಒಂದು ದಿನದಲ್ಲಿ ಎದ್ದ ಗುಳ್ಳೆ ನನಗೆ ಸಾಲದಾಯಿತು. ಮಗಳ ಬಯಕೆಯಲ್ಲಿ ಕೈಹಿಡಿತ ಮಾಡುವುದೇ ಎಂದು ನಾಲ್ಕು ದಿನ ಇಟ್ಟೆ. ಬೆಳಗಾದರೆ, ಸಂಜೆಯಾದರೆ ಒಂದೊಂದೇ ಮುಚ್ಚಳ ಸಡಿಲಿಸಿ ‘ಸುಸ್’ ಎಂಬ ಸದ್ದು ಕೇಳುವುದು, ಮತ್ತೆ ಬಿಗಿ ಮಾಡುವುದು. ಅಷ್ಟು ಕಾಳಜಿಯಿಂದ ನಾನು ಪರೀಕ್ಷೆಯ ಪೇಪರನ್ನೂ ತಿದ್ದಿದವನಲ್ಲ. ಕುಬಸದ ದಿನ ಬೆಳಿಗ್ಗೆ ಒಂದು ಚಮಚ ರುಚಿ ನೋಡಿದಾಗ ಗಂಟಲಲ್ಲಿ ಹಿತವಾಗಿ ಬೆಚ್ಚಗಾಯಿತು. ಅದನ್ನು ನಾನು ಹಣ್ಣಿನ ಗುಣವೆಂದೇ ತಿಳಿದೆ.

ಮಧ್ಯಾಹ್ನ ಮನೆ ತುಂಬ ಹೆಣ್ಣುಮಕ್ಕಳು. ವಿದ್ಯಾ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ಉಡಿ ತುಂಬಿ ಹಾಡು ನಡೆದಿತ್ತು. ನಾನು ಟ್ರೇ ಹಿಡಿದು ಮೊದಲ ಗ್ಲಾಸನ್ನು ಮಗಳಿಗೂ ಎರಡನೆಯದನ್ನು ಅವಳ ಅತ್ತೆ, ನಮ್ಮ ಬೀಗತಿ ಶಕುಂತಲಾಬಾಯಿಗೂ ಕೊಟ್ಟೆ. ಬೀಗತಿ ಮಿತಭಾಷಿ. ಗ್ಲಾಸನ್ನು ಮೂಗಿನ ಹತ್ತಿರ ತಂದು, ಕುಡಿಯದೆ ಕೆಳಗಿಟ್ಟು, ನನಗಷ್ಟೇ ಕೇಳುವಂತೆ ಕೇಳಿದರು.

“ಮಾಸ್ತರ್ರ, ಇದನ್ನ ಎಷ್ಟ ದಿನಾ ಇಟ್ಟಿದ್ರಿ?”

“ನಾಕ ದಿನಾರಿ.”

“ಯೀಸ್ಟ್ ಹಾಕಿ?”

ಹೂಂ ಅನ್ನುವಷ್ಟರಲ್ಲಿ ಕರಿಹಲಗೆ ನನ್ನ ಕಣ್ಣ ಮುಂದೆ ಬಂತು. ಮೂವತ್ತು ವರ್ಷ ನಾನೇ ಬರೆದ ಸಮೀಕರಣ. ಎಡಗಡೆ ಸಕ್ಕರೆ, ಬಲಗಡೆ ಎರಡು ಪದಾರ್ಥ. ಒಂದು ಅನಿಲ, ಇನ್ನೊಂದು ಮದ್ಯಸಾರ. ನನಗೆ ಬೇಕಾದದ್ದನ್ನು ಇಟ್ಟುಕೊಂಡು ಬೇಡವಾದದ್ದನ್ನು ಮರೆತಿದ್ದೆ. ಬೆಳಿಗ್ಗೆ ಗಂಟಲು ಬೆಚ್ಚಗಾದದ್ದು ಯಾತರಿಂದ ಎಂದು ಈಗ ತಿಳಿಯಿತು. ತಿರುಗಿ ನೋಡಿದರೆ ಗ್ಲಾಸು ವಿದ್ಯಾಳ ತುಟಿಗೆ ಹತ್ತಿತ್ತು.

“ಕುಡೀಬ್ಯಾಡವ್ವಾ,” ಎಂದು ಕೈಯಿಂದ ಕಸಿದುಕೊಂಡೆ. ಒಂದಿಷ್ಟು ಅವಳ ಹೊಸ ಸೀರೆಯ ಮೇಲೆ ಚೆಲ್ಲಿತು. ಹಾಡು ನಿಂತಿತು. ಎಲ್ಲರೂ ನನ್ನನ್ನೇ ನೋಡತೊಡಗಿದರು. ಬೀಗತಿ ಮೆಲ್ಲಗೆ, “ನೊಣ ಬಿದ್ದಿತ್ತು ಅನ್ರಿ,” ಎಂದರು. ದೊಡ್ಡ ಮನಸ್ಸು ಅವರದು. ಆದರೆ ಮಗಳ ಕಣ್ಣಲ್ಲಿ ನೀರು ಕಂಡಿತು. ಅದನ್ನು ನೊಣದ ಮೇಲೆ ಹಾಕಲು ನನ್ನಿಂದಾಗಲಿಲ್ಲ. ಇದು ಹುದುಗಿದೆ, ಬಸುರಿ ಕುಡಿಯುವಂಥದ್ದಲ್ಲ, ಗೊತ್ತಿದ್ದೂ ಮರೆತೆ, ತಪ್ಪು ನನ್ನದೇ ಎಂದು ಅಷ್ಟೂ ಜನರ ಮುಂದೆ ಹೇಳಿದೆ. ನನ್ನ ಹಳೆಯ ವಿದ್ಯಾರ್ಥಿನಿಯರೂ ಇಬ್ಬರಿದ್ದರು. ಅವರು ತಲೆ ತಗ್ಗಿಸಿ ಸೆರಗಿನಲ್ಲಿ ನಕ್ಕರು.

ಆಗ ಸುವರ್ಣಾ ಎದ್ದಳು. ಫ್ರಿಜ್ಜಿನ ಹಿಂದಿನ ಮೂಲೆಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಹಿಂದಿನ ಸಂಜೆ ಉಳಿದ ಹಣ್ಣನ್ನು ತೊಳೆದು, ಕುದಿಸಿ, ಸೋಸಿ ಇಟ್ಟ ರಸ. ಯಾವಾಗ ಮಾಡಿದೆ ಎಂದರೆ, ನೀವು ಬಾಟಲಿಯ ಸದ್ದು ಕೇಳುತ್ತ ಕೂತಿದ್ದಾಗ ಎಂದಳು. ತಾಯಿಯ ಜೊತೆ ಬಂದಿದ್ದ ಅಳಿಯ ಬೈಕ್ ಹತ್ತಿ ಮೂಲೆಯ ಅಂಗಡಿಯಿಂದ ಬರೀ ಸೋಡಾ ತಂದ. ಅರ್ಧ ರಸ, ಅರ್ಧ ಸೋಡಾ, ಮೇಲೆ ಚೂರು ಲಿಂಬೆ, ಚಿಟಿಕೆ ಉಪ್ಪು. ನೇರಳೆ ನೊರೆ ಗ್ಲಾಸಿನ ಅಂಚಿಗೆ ಏರಿ ಬಂತು.

ಈ ಸಲ ಬೀಗತಿಯೇ ಮೊದಲು ಮೂಸಿ, ಒಂದು ಗುಟುಕು ಕುಡಿದು, ಸೊಸೆಯ ಕೈಗಿತ್ತರು. ವಿದ್ಯಾ ಕುಡಿದಳು. ಮೂಗು ಸುಕ್ಕಾಯಿತು, ಕಣ್ಣು ಮುಚ್ಚಿತು, ಆಮೇಲೆ ಇಡೀ ಪಡಸಾಲೆಗೆ ಕೇಳುವಂತೆ ಒಂದು ತೇಗು ಬಂತು. ಹೆಂಗಸರೆಲ್ಲ ನಕ್ಕರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, “ಒಳಗಿಂದು ಒದೀತವ್ವಾ,” ಎಂದಳು. ಹಾಡು ಮತ್ತೆ ಶುರುವಾಯಿತು.

ನಾನು ನನ್ನ ಬಾಟಲಿಗಳನ್ನು ಬಚ್ಚಲಿಗೆ ಸುರಿದೆ. ವಾಸನೆ ಎರಡು ದಿನ ಅಂಗಳದಲ್ಲೇ ಇತ್ತು. ಹಾಲಿನವನು ಆ ಎರಡೂ ದಿನ ನನ್ನನ್ನು ಹೊಸ ಮನುಷ್ಯನಂತೆ ನೋಡಿದ.

ಹೊರಡುವ ಮುನ್ನ ಬೀಗತಿ ಆ ಪಾನಕದ ವಿಧಾನವನ್ನು ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ಮಾನ ಉಳಿಯಿತೆಂದು ಖುಷಿಯಾಗಿ ಒಂದು ಹಾಳೆ ತುಂಬ ಬರೆದೆ. ಉದ್ದೇಶ, ತತ್ವ, ಹುದುಗುವಿಕೆಯ ಅಪಾಯ, ವಹಿಸಬೇಕಾದ ಎಚ್ಚರ, ಕೊನೆಗೆ ರಸ ಮತ್ತು ಸೋಡಾದ ಅಳತೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಚಲೋ ಆಗೇತ್ರಿ ಎಂದರು. ಆಮೇಲೆ ಕೊನೆಯ ಎರಡು ಸಾಲನ್ನು ಜೋಪಾನವಾಗಿ ಹರಿದು ಪರ್ಸಿಗೆ ಹಾಕಿಕೊಂಡು, ಉಳಿದ ಹಾಳೆಯನ್ನು ನನ್ನ ಕೈಗೆ ವಾಪಸ್ ಕೊಟ್ಟರು.