ಮಾವನ ಮೊಣಕೈ

ಜನರನ್ನು ಸುಮ್ಮನಿರಿಸುವುದೇ ಆ ಗ್ರಂಥಪಾಲಕನ ಕಸುಬು. ಅವನು ತುಟಿಯ ಮೇಲೆ ಬೆರಳಿಟ್ಟರೆ ಕೆಮ್ಮು ಕೂಡ ಗಂಟಲಲ್ಲೇ ಕೂತು ಅಪ್ಪಣೆ ಕೇಳುತ್ತಿತ್ತು. ಅಂಥವನ ಮಾತನ್ನು ಅವನ ಕಾರು ಮಾತ್ರ ಕೇಳುತ್ತಿರಲಿಲ್ಲ. ಅದರ ಹಿಂಭಾಗದಲ್ಲೆಲ್ಲೋ ‘ಕಿರ್ರ್ ಟಕ್’ ಎಂಬ ಸದ್ದೊಂದು ಸೇರಿಕೊಂಡಿತ್ತು. ಮನಸ್ಸು ಬಂದಾಗ ಬರುತ್ತಿತ್ತು, ಬೇಸರವಾದಾಗ ಹೋಗುತ್ತಿತ್ತು. ಗ್ಯಾರೇಜಿಗೆ ಒಯ್ದರಂತೂ, ಸ್ಕೂಲಿಗೆ ಹೋಗಬೇಡ ಎಂದ ಕೂಡಲೇ ಮಾಯವಾಗುವ ಮಗುವಿನ ಹೊಟ್ಟೆನೋವಿನ ಹಾಗೆ ಪತ್ತೆಯೇ ಇಲ್ಲ.

ಆ ಭಾನುವಾರ ಬೆಳಿಗ್ಗೆ ಹೆಂಡತಿಯ ಫೋನು ಬಂತು. ಅವಳು ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸು. ಬೇರೆ ಊರಿನಲ್ಲಿ ತರಬೇತಿ ಮುಗಿಸಿ ಸಂಜೆಯ ರೈಲಿಗೆ ಬರುವವಳಿದ್ದಳು.

“ಸ್ಟೇಷನ್ನಿಗೆ ಕಾರು ತನ್ನಿ. ದಾರೀಲಿ ಆ ಸದ್ದು ಒಂದೇ ಒಂದು ಸಲ ಬಂದ್ರೂ ನಾಳೆ ಗುಜರಿಯವನು ಬಾಗಿಲಲ್ಲಿರ್ತಾನೆ. ಕೇಳಿಸ್ತಾ?”

“ಕೇಳಿಸ್ತು,” ಎಂದ ಅವನು, ಕಾರಿಗೂ ಕೇಳಿಸಿರಲಿ ಎಂದು ಕಿಟಕಿಯತ್ತ ತಿರುಗಿ.

ಕಾರು ಹೋದರೆ ಅವನಿಗೆ ಉಳಿಯುವುದು ಸಿಟಿ ಬಸ್ಸು. ಯಾರದೋ ಕಂಕುಳಡಿ ಮೂಗಿಟ್ಟು, ಕೊಕ್ಕರೆಯಂತೆ ಒಂಟಿಕಾಲಲ್ಲಿ ದಿನದಿನದ ತಪಸ್ಸು. ಜೊತೆಗೇ ಇದ್ದ ಮಾವನಿಗೂ, ಅಂದರೆ ಹೆಂಡತಿಯ ಅಪ್ಪನಿಗೂ, ಎದೆ ಧಸಕ್ಕೆಂದಿತು. ಅವರನ್ನು ಕ್ಲಬ್ಬಿಗೆ ಮುಟ್ಟಿಸುತ್ತಿದ್ದುದು ಅದೇ ಕಾರು.

“ಅಳಿಯಂದ್ರೆ, ಅವಳು ಹೇಳಿದ್ರೆ ಮಾಡೇ ಮಾಡ್ತಾಳೆ, ಥೇಟ್ ಅವರಮ್ಮ. ನನ್ನ ಇಸ್ಪೀಟಿಗೂ ಕತ್ತರಿ ಬಿತ್ತು ಅಂತ್ಲೇ ತಿಳೀರಿ. ಏಳಿ, ಜಾಕ್ ತನ್ನಿ.”

ಜಾಕ್ ಹೊರಗೆ ಬಂದದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಬೀದಿ ನೆರೆಯಿತು. ಎದುರು ಮನೆಯ ಸಂಗೀತದ ಟೀಚರು ಎತ್ತಿದ ಗಾಲಿಯನ್ನು ತಿರುಗಿಸಿ, ಕಣ್ಣು ಮುಚ್ಚಿ ಆಲಿಸಿ, “ಶ್ರುತಿ ಸೇರ್ತಿಲ್ಲ. ಎಡಗಡೆ ಗಾಲಿ ತಗ್ಗಿ ಹಾಡ್ತಿದೆ” ಎಂದರು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ಕನ್ನಡಿ ಹಿಡಿದು ಕಾರಿನಡಿ ತೂರಿದರು.

“ಈ ನಟ್ಟು ಅಲ್ಲಾಡ್ತಿದೆ. ಕಿತ್ತುಬಿಡೋದೇ ಒಳ್ಳೇದು.”

“ಕಿತ್ರೆ ಗಾಲೀನೂ ಬರುತ್ತೆ ಡಾಕ್ಟ್ರೆ,” ಎಂದ ಗ್ರಂಥಪಾಲಕ.

“ನೋವಂತೂ ಹೋಗುತ್ತಲ್ಲ.”

ಬಿಗಿಯಾಗಿದ್ದದ್ದನ್ನು ಸಡಿಲಿಸಿ, ಸಡಿಲವಿದ್ದದ್ದನ್ನು ಬಿಗಿದು, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೂಗಿನ ತುದಿಯಲ್ಲೂ ಗ್ರೀಸು. ಕಾರು ಬೀದಿ ಸುತ್ತಿ ಬರುವಷ್ಟರಲ್ಲಿ ಸದ್ದು ಮತ್ತೆ ಕಿಸಕ್ಕನೆ ನಕ್ಕಿತು. ಕಿರ್ರ್ ಟಕ್.

ಕೊನೆಗೆ ಮಾವ ತೋಳು ಮಡಿಸಿದರು. “ಹೊರಗಿಂದ ಸಿಗೋ ಕಳ್ಳ ಅಲ್ಲ ಇವನು. ನಾನು ಡಿಕ್ಕೀಲಿ ಮಲಗ್ತೀನಿ, ನೀವು ಓಡಿಸಿ.”

ಹಿಂದಿನ ಸೀಟಿನ ಬೆನ್ನಿಗೇ ಅಂಟಿಕೊಂಡು, ಮೇಲೊಂದು ತೆಳು ಹಲಗೆ ಮುಚ್ಚಿದ ಡಿಕ್ಕಿ ಅದು. ಮಾವ ಮಡಿಚಿದ ಕೊಡೆಯ ಹಾಗೆ ಒಳಗೆ ಸೇರಿದರು. ಕಾರು ಹೊಂಡಕ್ಕಿಳಿಯಿತು, ಉಬ್ಬು ಹತ್ತಿತು. ಸದ್ದಿಲ್ಲ. ಲೈಬ್ರರಿಯೇ ನಾಚಬೇಕು, ಅಂಥ ಮೌನ.

“ಏನು ಮಾಡಿದ್ರಿ ಮಾವ?”

“ಏನಿಲ್ಲಪ್ಪ. ಬೆನ್ನಿಗೆ ಏನೋ ಚುಚ್ತಿತ್ತು, ಮೊಣಕೈಲಿ ಒತ್ತಿ ಹಿಡ್ಕೊಂಡೆ.”

ಅವರು ಒತ್ತಿದ ಜಾಗಕ್ಕೆ ಮರದ ತುಂಡು ಇಟ್ಟು ನೋಡಿದರು, ದಿಂಬು ತುರುಕಿದರು, ಸಂಗೀತದ ಟೀಚರು ತಮ್ಮ ಮೊಣಕೈಯನ್ನೇ ದಾನ ಕೊಟ್ಟರು. ಕಿರ್ರ್ ಟಕ್. ಮಾವ ಮತ್ತೆ ಮಲಗಿದರೆ ಮೌನ. ಏಳು ಕಡಲಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಇರುವಂತೆ, ಆ ಕಾರಿನ ಮೌನವೆಲ್ಲ ಮಾವನ ಬಲ ಮೊಣಕೈಯಲ್ಲಿತ್ತು. ಅಷ್ಟರಲ್ಲಿ ರೈಲಿನ ಹೊತ್ತಾಯಿತು.

ಅಳಿಯ ಮಾವನನ್ನು ನೋಡಿದ. ಮಾವ ಅಳಿಯನನ್ನು ನೋಡಿದರು.

“ಆ ದಿಂಬು ತಲೆಗಾದ್ರೂ ಕೊಡಿ,” ಎಂದರು ಮಾವ.

ಸ್ಟೇಷನ್ನಿನಲ್ಲಿ ಹೆಂಡತಿ ಚೀಲ ಎಳೆದುಕೊಂಡು ನೇರ ಡಿಕ್ಕಿಯತ್ತ ನಡೆದಳು.

“ಅಲ್ಲಿ ಬೇಡ, ಪೂರ್ತಿ ಗ್ರೀಸು,” ಎಂದು ಅವನು ಚೀಲ ಕಸಿದು ಹಿಂದಿನ ಸೀಟಿಗೆ ತುರುಕಿದ.

ಬಸುರಿಯ ಹೊಟ್ಟೆಗೆ ಕಿವಿಗೊಟ್ಟವಳಂತೆ ಅವಳು ದಾರಿಯುದ್ದಕ್ಕೂ ಆಲಿಸಿದಳು. ದೊಡ್ಡ ಹೊಂಡದಲ್ಲಿ ಹಿಂದಿನಿಂದ “ಅಯ್ಯಪ್ಪಾ” ಎಂದಂತಾಯಿತು. ಅವನು ಜೋರಾಗಿ ಕೆಮ್ಮಿದ.

“ಅಪ್ಪ ಯಾಕೆ ಬರ್ಲಿಲ್ಲ?”

“ಮಲಗಿದ್ದಾರೆ.” ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮನೆಯ ಗೇಟಿನ ಮುಂದೆ ಅವಳು ನಕ್ಕಳು. “ಪರವಾಗಿಲ್ಲ ರೀ, ರಿಪೇರಿ ಮಾಡೇ ಬಿಟ್ರಿ. ಗುಜರಿಗೆ ಕೊಡೋದು ಬೇಡ.”

ಅವನ ಎದೆ ಪೂರಿಯಂತೆ ಉಬ್ಬಿತು.

“ಆ ಸದ್ದಿಗೆ ಹೆದರಿ ತಾನೆ ನಾನು ಇಷ್ಟು ದಿನ ಆಸ್ಪತ್ರೆ ವ್ಯಾನಲ್ಲಿ ಹೋಗ್ತಿದ್ದದ್ದು. ನಾಳೆಯಿಂದ ಕಾರು ನನಗಿರಲಿ. ನಿಮಗೆ ಹೇಗೂ ಲೈಬ್ರರಿ ಮುಂದೇನೇ ಬಸ್ಸು ನಿಲ್ಲುತ್ತೆ.”

ಚೀಲ ಹಿಡಿದು ಅವಳು ಒಳಗೆ ಹೋದಳು. ಅವನು ಮನಸ್ಸಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ಕಾರು ಗುಜರಿಗೆ, ಅವನು ಬಸ್ಸಿಗೆ. ಹೇಳದಿದ್ದರೆ ಕಾರು ಆಸ್ಪತ್ರೆಗೆ, ಅವನು ಬಸ್ಸಿಗೇ.

ಕಾಲೆಳೆಯುತ್ತ ಹೋಗಿ ಡಿಕ್ಕಿ ತೆರೆದ. ಮಾವ ಮೊಣಕೈ ಎತ್ತದೆ, ಕತ್ತು ಮಾತ್ರ ಇತ್ತ ತಿರುಗಿಸಿದರು.

“ಎಲ್ಲಾ ಕೇಳಿಸ್ಕೊಂಡೆ. ಯೋಚನೆ ಮಾಡ್ಬೇಡಿ ಅಳಿಯಂದ್ರೆ. ನಾನು ಈ ಕಡೆ ಸ್ವಲ್ಪ ಸರಿದ್ರೆ ನಿಮಗೂ ಜಾಗ ಆಗುತ್ತೆ. ಲೈಬ್ರರಿ ಆಸ್ಪತ್ರೆ ದಾರೀಲೇ ತಾನೆ?”