ಹರ್ತಿಯ ಮೆಣಸಿನಕಾಯಿಗೆ ಬಂದ ಚಂಡಮಾರುತ

ನಮ್ಮ ಗದಗ ಜಿಲ್ಲೆಯಿಂದ ಸಮುದ್ರ ಎಷ್ಟು ದೂರವಿದ್ದರೇನು, ಅಲ್ಲಿ ಚಂಡಮಾರುತ ಎದ್ದಿತೆಂದರೆ ಇಲ್ಲಿ ನನ್ನ ಫೋನಿಗೆ ಬಿಡುವಿಲ್ಲ. ರೈತರಿಗೆ ಹವಾಮಾನದ ಸುದ್ದಿ ಮುಟ್ಟಿಸುವ ಸಣ್ಣ ನೌಕರ ನಾನು. ಹೇಳಿದ ಮಳೆ ಬರದಿದ್ದರೂ ಬೈಗುಳ ನನಗೆ, ಹೇಳದ ಮಳೆ ಬಂದರೂ ನನಗೇ. ಈಚೆಗೆ ಬಂಗಾಳ ಕೊಲ್ಲಿಯಲ್ಲಿ ಒಂದು ಎದ್ದಾಗಲೂ ಅಷ್ಟೇ.

ಒಂದು: ಯಾವ ದಾರಿ?

ಮೊದಲ ಫೋನು ಹರ್ತಿಯ ಅಜ್ಜಿಯೊಬ್ಬರದು. ಅವರ ವರ್ಷದ ದುಡಿಮೆಯೆಲ್ಲ ಮೆಣಸಿನಕಾಯಿಯಾಗಿ ಮನೆ ಪಕ್ಕದ ಕಣದಲ್ಲಿ ಒಣಗುತ್ತಿತ್ತು. ಒಂದು ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ಆಮೇಲೆ ಪೇಟೆಯಲ್ಲಿ ಕೇಳುವವರಿಲ್ಲ.

"ಸಾಹೇಬ್ರ, ಎಲ್ಲಿತನಾ ಬಂದೈತಿ?"

"ಚೆನ್ನೈ ಹತ್ರ ಐತಿ ಯಮ್ಮಾ. ನಾಡದು ಮಧ್ಯಾಹ್ನ ಇಲ್ಲೆ ಮಳಿ ಆಗಬಹುದು."

"ಯಾವ ಕಡಿಂದ ಬರ್ತೈತಿ?"

"ಮುಂಡರಗಿ ಕಡಿಂದ."

"ಹಂಗಾರ ಜಲ್ದಿ ಬರಂಗಿಲ್ಲ ಬಿಡ್ರಿ. ಆ ಕಡಿಂದ ಬಸ್ಸ ಒಮ್ಮೆನೂ ಹೊತ್ತಿಗೆ ಬಂದಿಲ್ಲ."

ಎರಡು: ಯಾರೂ ನೀರಿಗಿಳಿಯಬಾರದು

ಗಡಿಬಿಡಿಯಲ್ಲಿ ಮೇಲಿನಿಂದ ಬಂದ ಎಚ್ಚರಿಕೆಯನ್ನು ನೋಡದೆಯೇ ಎಲ್ಲ ಊರಿಗೂ ಕಳಿಸಿಬಿಟ್ಟೆ. ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಅದನ್ನು ಮೈಕಿನಲ್ಲಿ ಒಂದಕ್ಷರ ಬಿಡದೆ ಓದಿದರಂತೆ: ಮೀನುಗಾರರು ನೀರಿಗಿಳಿಯಬಾರದು, ಇಳಿದವರು ಕೂಡಲೇ ದಡಕ್ಕೆ ಬರಬೇಕು. ಹತ್ತೇ ನಿಮಿಷಕ್ಕೆ ಒಬ್ಬ ಹಿರಿಯರ ಫೋನು.

"ಸಾಹೇಬ್ರ, ನಮ್ಮ ಎಮ್ಮಿ ಕೆರಿಯಾಗ ಬಿದ್ದಾವ್ರಿ. ಸರಕಾರದ ಆರ್ಡರ್ ಐತಿ ಅಂತ ಹೇಳೇ ಹೇಳಿದೆ, ಏಳವಲ್ವು. ನೀವ ಬಂದು ಹೇಳ್ರಿ."

ಮೂರು: ಒಂಟಿ ಸೀನು

ಆ ನಾಡಿದ್ದು ಬಂದೇಬಿಟ್ಟಿತು. ನಾನು ಹರ್ತಿಗೆ ಹೋದಾಗ ಅಜ್ಜಿ ಕಣದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಮಳೆ ಹೊತ್ತಿಗೆ ಬರುವುದಿಲ್ಲವೆಂದು ನಂಬಿ, ಮನೆಯಲ್ಲಿದ್ದ ಒಂದೇ ಒಂದು ತಾಡಪತ್ರಿಯನ್ನು, ಅಂದರೆ ಟಾರ್ಪಾಲನ್ನು, ಎದುರುಮನೆಯ ಮದುವೆ ನಿಶ್ಚಯಕ್ಕೆ, ಚಪ್ಪರದ ಮೇಲೆ ಹೊದಿಸಲು ಕೊಟ್ಟಿದ್ದರು. ಗಂಡಿನ ಕಡೆಯವರು ಆಗಲೇ ಅದರ ಕೆಳಗೆ ಕೂತಾಗಿತ್ತು. ಶುಭಕಾರ್ಯದ ಚಪ್ಪರವನ್ನು ನಡುವೆ ಬಿಚ್ಚುವಂತಿಲ್ಲ. ಮೂಡಲಲ್ಲಿ ಮೋಡ ಕಪ್ಪಾಗುತ್ತಿತ್ತು.

ಅಜ್ಜಿ ಸೆರಗು ಸಿಕ್ಕಿಸಿ ಎದ್ದರು. "ತಾಡಪತ್ರಿ ಇಲ್ಲಿಗೆ ಬರದಿದ್ರ ಬ್ಯಾಡ, ಮೆಣಸಿನಕಾಯಿ ಅಲ್ಲಿಗೆ ಹೋಗ್ಲಿ. ಹಿಡೀರಿ ಬುಟ್ಟಿ!"

ನಾನು, ಓಣಿಯವರು, ಕೊನೆಗೆ ಹೆಣ್ಣಿನ ಅಪ್ಪ ಕೂಡ ಬುಟ್ಟಿ ಹೊತ್ತು ಬೀಗರ ಬೆನ್ನ ಹಿಂದೆ ಸುರಿದೆವು. ಕೊನೆಯ ಬುಟ್ಟಿ ಒಳಗೆ ಬರುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು.

ಆಗ ಗಂಡಿನ ಸೋದರಮಾವ ಒಪ್ಪಿಗೆ ಹೇಳಲು ಎದ್ದರು. ಮೆಣಸಿನಕಾಯಿಯ ಘಾಟಿಗೆ ಯಾರೋ ಸೀನಿದರು. ಒಂಟಿ ಸೀನು ಅಪಶಕುನ, ಎರಡಾದರೆ ಚಿಂತೆಯಿಲ್ಲ. ಸೋದರಮಾವ ಕೂತರು. ಇನ್ನೊಬ್ಬರು ಸೀನಿದರು, ಸೋದರಮಾವ ಎದ್ದರು. ಮತ್ತೊಬ್ಬರು ಸೀನಿದರು, ಸೋದರಮಾವ ಮತ್ತೆ ಕೂತರು. ಆಮೇಲೆ ಇಡೀ ಚಪ್ಪರವೇ ಸೀನತೊಡಗಿತು. ಎಣಿಸುವವರೂ ಸೀನುತ್ತಿದ್ದರು.

ಅಜ್ಜಿ ಕೂಗಿದರು: "ಹುಡುಗಾ ಹುಡುಗಿ ಕೂಡೇ ಸೀನ್ಯಾರ್ರಿ! ಎರಡಾದುವು. ಜಲ್ದಿ ಹೂಂ ಅನ್ರಿ, ಮೂರನೇದು ಬರೂದ್ರಾಗ!"

ಸೋದರಮಾವ ತಟ್ಟನೆ ಎದ್ದು ಹೂಂ ಅಂದುಬಿಟ್ಟರು. ಅಜ್ಜಿಯ ಒಂದು ಕಾಯಿಯೂ ತೊಯ್ಯಲಿಲ್ಲ. ಅವತ್ತಿನಷ್ಟು ಖುಷಿ ನನಗೆ ಈ ನೌಕರಿಯಲ್ಲಿ ಎಂದೂ ಸಿಕ್ಕಿಲ್ಲ.

ಮದುವೆಯ ಮುಹೂರ್ತಕ್ಕೆಂದು ಪಂಚಾಂಗ ತಂದರು. ಸೋದರಮಾವ ಮೂಗು ಒರೆಸಿಕೊಳ್ಳುತ್ತ ಅದನ್ನು ಬದಿಗೆ ಸರಿಸಿ ನನ್ನತ್ತ ತಿರುಗಿದರು.

"ಅದನ್ನ ಆಮ್ಯಾಲೆ ನೋಡೂಣು. ಸಾಹೇಬ್ರ, ಮೊದಲ ನೀವು ಹೇಳ್ರಿ, ಮುಂದಿನ ಚಂಡಮಾರುತ ಯಾವಾಗ?"