ಕೆಂಪಸಿದ್ದಯ್ಯನ ಗಂಡು ಬೆಕ್ಕು

ಕೆಂಪಸಿದ್ದಯ್ಯನ ಮುತ್ತಜ್ಜ ಮರಿಬೋರಯ್ಯ ಶಿಂಷಾ ಹೊಳೆಯ ಈ ದಡದಲ್ಲಿ ನಿಂತು, ಆ ದಡದಲ್ಲಿ ನೀರು ಕುಡಿಯುತ್ತಿದ್ದ ದನದ ಬಣ್ಣ ನೋಡಿಯೇ ಅದು ತಾಯಿಗೆ ಎಷ್ಟನೇ ಸೂಲಿನ ಕರು ಎಂದು ಹೇಳುತ್ತಿದ್ದನಂತೆ. ಅಜ್ಜ ಚಿಕ್ಕಬೋರಯ್ಯ, ಬಣ್ಣ ಬಳಿದು ಮಳವಳ್ಳಿ ಸಂತೆಗೆ ತಂದಿದ್ದ ಎತ್ತನ್ನು ಹಿಡಿದು, ಮಾರುವವನ ಪಂಚೆಯಲ್ಲೇ ಅದರ ಮೈ ಒರೆಸಿ ತೋರಿಸಿದ ಧೀರ. ಅಪ್ಪ ಕರಿಸಿದ್ದಯ್ಯನಂತೂ ಕಣ್ಣಿಗೆ ಪೊರೆ ಬಂದ ಮೇಲೂ ಹೋರಿಯ ಹೆಗಲು ಸವರಿ ಅದರ ಬಣ್ಣ ಹೇಳುತ್ತಿದ್ದ! ಬಣ್ಣವನ್ನು ಕೈಯಲ್ಲಿ ಸವರಿ ತಿಳಿಯುವುದು ಹೇಗೆಂದು ಬೆಸಗರಹಳ್ಳಿಯಲ್ಲಿ ಯಾರೂ ಕೇಳಲಿಲ್ಲ. ಕೇಳಬಾರದ್ದನ್ನು ಕೇಳದಿರುವ ಮರ್ಯಾದೆ ಆಗಿನ ಜನಕ್ಕಿತ್ತು.

ಇಂಥ ವಂಶದ ಕುಡಿ ಕೆಂಪಸಿದ್ದಯ್ಯ. ಅವನು ನೋಡಿ ತಲೆಯಾಡಿಸದೆ ಸುತ್ತಿನ ಊರುಗಳಲ್ಲಿ ಎತ್ತಿನ ವ್ಯಾಪಾರ ಕುದುರುತ್ತಿರಲಿಲ್ಲ. ಅವನದು ಒಂದೇ ಮಂತ್ರ.

"ಮೈಬಣ್ಣ ಸುಳ್ಳಾಡಾಕಿಲ್ಲ ಕಣ್ಲಾ! ಗಂಡಾದ್ರೆ ಹೆಗಲು ಕಪ್ಪೇರ್ತದೆ. ಎಣ್ಣಾದ್ರೆ ಮೈ ಬೆಳ್ಳಗಾಯ್ತದೆ."

ನಮ್ಮ ಹಳ್ಳಿಕಾರ್ ದನಗಳ ಮಟ್ಟಿಗೆ ಈ ಮಾತು ನಿಜವೂ ಹೌದು. ಬಾಲ ಎತ್ತಿ ನೋಡುವುದು ಅವನ ಲೆಕ್ಕದಲ್ಲಿ ದಳ್ಳಾಳಿಗಳ ಕೆಲಸ; ವಂಶಸ್ಥರದಲ್ಲ.

ಆಗ ದೊಡ್ಡ ಯುದ್ಧ ನಡೆಯುತ್ತಿತ್ತು. ಅಂಗಡಿಯಲ್ಲಿ ಸೀಮೆಎಣ್ಣೆ ಕಾಣದು, ಆದರೆ ರೇಷ್ಮೆಗೆ ಎಲ್ಲಿಲ್ಲದ ಬೆಲೆ. ಆಕಾಶದಿಂದ ಇಳಿಯುವ ಸೋಲ್ಜರುಗಳ ಕೊಡೆಗೆ ನಮ್ಮೂರ ಹುಳುವಿನ ನೂಲೇ ಬೇಕಂತೆ! ಕೆಂಪಸಿದ್ದಯ್ಯನ ಹೆಂಡತಿ ದೇವಿರಮ್ಮ ಮನೆಯ ಹಿಂದಿನ ಕೋಣೆಯಲ್ಲಿ ರೇಷ್ಮೆಹುಳು ಸಾಕಿದ್ದಳು. ದೊರೆಗಳ ಸೈನ್ಯಕ್ಕೆಂದು ಬೆಳೆದ ಹುಳುವನ್ನು ಇಲಿಗಳ ಸೈನ್ಯ ತಿನ್ನುತ್ತಿತ್ತು.

"ಒಂದು ಬೆಕ್ಕು ತಂದ್ಬುಡು," ಎಂದಳು ದೇವಿರಮ್ಮ. "ಆದ್ರೆ ಗಂಡೇ ಆಗ್ಬೇಕು ಕಣಯ್ಯ. ಹುಳದ ಮನೇಲಿ ಹೆರಿಗೆ ಮೈಲಿಗೆ ಆಗ್ಕೂಡ್ದು."

"ಗಂಡು ಯಾವ್ದು ಎಣ್ಣು ಯಾವ್ದು ಅಂತ ನನಗೆ ಯೋಳ್ಕೊಡ್ತೀಯಾ? ನಾನು ಯಾರ ಮೊಮ್ಮಗ ಗೊತ್ತಾ?"

"ಗೊತ್ತಿಲ್ದೆ ಏನು? ಮದ್ವೆ ಆದಾಗಿಂದ ದಿನಾ ಯೋಳ್ತಾನೇ ಇದ್ದೀಯ."

ಮದ್ದೂರಿನಲ್ಲಿ ರೇಷ್ಮೆಗೂಡು ಕೊಳ್ಳುವ ಮೆಹಬೂಬ್ ಪಾಷಾನ ಮನೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಅವನ ಹೆಂಡತಿ ಜಾನ್ ಬೀ, ಅಲ್ಲಿಗೆ ಹೋದ ಕೆಂಪಸಿದ್ದಯ್ಯನ ಮುಂದೆ ಮರಿಗಳ ಬುಟ್ಟಿ ತಂದಿಟ್ಟಳು. ಎರಡು ಕೆಂಚು ಮರಿ. ಇನ್ನೊಂದು ಬಿಳಿ, ಕೆಂಪು, ಕಪ್ಪು ಮೂರೂ ಬಣ್ಣ ಚೆಲ್ಲಿಕೊಂಡಿದ್ದು. ಕಪ್ಪು ಬಿದ್ದಿದ್ದು ಸರಿಯಾಗಿ ಹೆಗಲ ಮೇಲೆ! ಕೆಂಪಸಿದ್ದಯ್ಯನ ಕಣ್ಣು ಅರಳಿತು.

"ಇದೇ ಗಂಡು!"

"ತೌಬಾ, ತೌಬಾ! ಸಿದ್ದಯ್ಯಣ್ಣ, ಮೂರು ಬಣ್ಣದ ಬೆಕ್ಕು ಹೆಣ್ಣೇ ಆಗೋದು. ಗಂಡು ಬೇಕಾದ್ರೆ ಕೆಂಚ ತಗೊಳ್ಳಿ. ಕೆಂಚು ಬಹಳ ಮಟ್ಟಿಗೆ ಗಂಡೇ. ನಮ್ಮ ನಾನಿ ಕಾಲದಿಂದ ಇದೇ ಮಾತು."

"ನಿಮ್ಮ ನಾನಿ ಎಷ್ಟು ಹೋರಿ ಕಟ್ಟಿದ್ರಮ್ಮ?"

"ಹೋರಿ ಯಾಕೆ ಕಟ್ತಾರೆ? ಬೆಕ್ಕು ಸಾಕಿದ್ರು."

"ಹಂಗಾದ್ರೆ ಸುಮ್ನಿರಿ!"

ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ತಂದು 'ಪೈಲ್ವಾನ' ಎಂದು ನಾಮಕರಣ ಮಾಡಿದ. ದೇವಿರಮ್ಮ ಅದರ ಬಾಲದತ್ತ ಕೈ ಚಾಚಿದ್ದೇ ತಡ, ಕೆಂಪಸಿದ್ದಯ್ಯ ಊರಿಗೆಲ್ಲ ಕೇಳುವಂತೆ ಗುಡುಗಿದ. "ಮುಟ್ಬ್ಯಾಡ! ಇದೇನಾರ ಎಣ್ಣಾದ್ರೆ, ಅವತ್ತಿಂದ ಯಾವನ ದನದ ಮುಂದೂ ನಾನು ಬಾಯಿ ಬುಡಾಕಿಲ್ಲ!"

"ದನಗೊಳು ಬದುಕ್ಕೊಂಡ್ವು," ಎಂದಳು ದೇವಿರಮ್ಮ.

ಪೈಲ್ವಾನ ಇಲಿಗಳ ವಂಶವನ್ನೇ ನಿರ್ವಂಶ ಮಾಡುತ್ತ ಬೆಳೆದ. ಕೆಲವು ತಿಂಗಳಾದ ಮೇಲೆ ಊರಿನ ಗಡವ ಗಂಡು ಬೆಕ್ಕುಗಳೆಲ್ಲ ಹೆಂಚಿನ ಮೇಲೆ ಸೇರಿ ಅರಚತೊಡಗಿದವು.

"ಕುಸ್ತಿಗೆ ಕರೀತಾವೆ," ಎಂದು ಕೆಂಪಸಿದ್ದಯ್ಯ ಮೀಸೆ ತಿರುವಿದ.

"ಹೌದೌದು, ಅದ್ಯಾವ ಕುಸ್ತಿಯೋ!" ಎಂದಳು ದೇವಿರಮ್ಮ.

ಆಮೇಲೆ ಪೈಲ್ವಾನನ ಹೊಟ್ಟೆ ದಪ್ಪಗಾಯಿತು.

"ತಿಂದಿದ್ದೇನು ಕಮ್ಮಿ ಇಲಿಯಾ?"

"ನಾನೂ ನಾಕು ಹೆತ್ತೋಳು ಕಣಯ್ಯ. ಅದು ಇಲಿ ಹೊಟ್ಟೆ ಅಲ್ಲ."

ಹೀಗಿರುವಾಗ ಒಂದು ದಿನ ಮಳವಳ್ಳಿ ಕಡೆಯ ಚಲುವರಾಜು, ಬಸರಾಳಿನವರ ಎತ್ತಿನ ಜೋಡಿಯನ್ನು ಕೊಳ್ಳುವ ಮೊದಲು ಕೆಂಪಸಿದ್ದಯ್ಯನ ಬಾಯಿಂದ ಒಂದು ಮಾತು ಕೇಳಲೆಂದು ಮನೆಯ ಮುಂದೆ ತಂದು ಕಟ್ಟಿದ. ಅರ್ಧ ಊರೇ ಜಗಲಿಗೆ ಬಂತು. ಕೆಂಪಸಿದ್ದಯ್ಯ ಪೇಟ ಸುತ್ತಿ, ಕಂಬಳಿ ಹಾಸಿ, ಗಂಟಲು ಸರಿಮಾಡಿಕೊಂಡ.

"ಬಣ್ಣ ಅನ್ನಾದು ದೇವರು ಬರೆದ ಬರಹ ಕಣ್ರಪ್ಪ. ಓದಾಕೆ ಕಣ್ಣಿರ್ಬೇಕು—"

ಅಷ್ಟರಲ್ಲಿ ಹುಳದ ಮನೆಯಿಂದ ಪೈಲ್ವಾನ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಬಂದ.

"ಆಹಾ, ನೋಡ್ರಪ್ಪ! ಎಂಥಾ ಇಲಿ ಹಿಡ್ದವ್ನೆ ನನ್ನ ಪೈಲ್ವಾನ!"

ಇಲಿ "ಮೀಂ" ಎಂದಿತು.

ಜಗಲಿಯವರೆಲ್ಲ ಕತ್ತು ಚಾಚಿದರು. ಚಲುವರಾಜು ಮೆಲ್ಲಗೆ ಕೇಳಿದ. "ಗೌಡ್ರೇ, ನಿಮ್ಮೂರಲ್ಲಿ ಇಲಿ ಮೀಂ ಅಂತದಾ?"

"ಬೆಕ್ಕಿನ ಬಾಯಾಗೆ ಸಿಕ್ಕಾಕ್ಕಂಡ್ರೆ ಇಲಿ ಏನು ಬೇಕಾದ್ರೂ ಅಂತದೆ ಕಣಯ್ಯ!"

ಪೈಲ್ವಾನ ಆ ಇಲಿಯನ್ನು ಕಂಬಳಿಯ ಮೇಲಿಟ್ಟು ಒಳಗೆ ಹೋಗಿ ಎರಡನೆಯ ಇಲಿ ತಂದ. ಅದು ಕೆಂಚು. ಮತ್ತೆ ಹೋಗಿ ಮೂರನೆಯದನ್ನೂ ತಂದ. ಆಮೇಲೆ ಕೆಂಪಸಿದ್ದಯ್ಯನ ತೊಡೆಗೆ ಬೆನ್ನು ಒರಗಿಸಿ ಮಗ್ಗುಲಾಗಿ ಮಲಗಿ, ಮೂರು ಇಲಿಗಳಿಗೂ ಹಾಲು ಕುಡಿಸತೊಡಗಿದ!

ಎತ್ತುಗಳೂ ಮೆಲುಕು ನಿಲ್ಲಿಸಿ ನೋಡಿದವು ಎಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ.

ಬಾಗಿಲಲ್ಲಿ ನಿಂತಿದ್ದ ದೇವಿರಮ್ಮ ಕೇಳಿದಳು. "ಏನಯ್ಯಾ, ಪೈಲ್ವಾನಂಗೆ ಬಾಣಂತಿ ಖಾರ ಅರೀಲಾ?"

ನಗು ಹಟ್ಟಿ ದಾಟಿ ಹೊಲದವರೆಗೂ ಹೋಯಿತು. ಚಲುವರಾಜು ಕಣ್ಣೊರೆಸಿಕೊಂಡು, "ಅದಿರ್ಲಿ ಗೌಡ್ರೇ, ಎತ್ತಿನ ಇಸ್ಯ ಏನಂತೀರಾ?" ಎಂದ. ಕೆಂಪಸಿದ್ದಯ್ಯ ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಮುಚ್ಚಿದ. ಆಡಿದ ಮಾತೆಂದರೆ ಮಾತು. ಆ ಕಾಲದ ಜನ ಹಾಗೆ. ಚಲುವರಾಜು ಎತ್ತು ಬಿಚ್ಚಿಕೊಂಡು ಹೊರಟುಹೋದ.

ಅಂದಿನಿಂದ ಬೀದಿಯಲ್ಲಿ ಎತ್ತಿನ ಗೆಜ್ಜೆ ಕೇಳಿದರೆ ಕೆಂಪಸಿದ್ದಯ್ಯ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ನಾಲಗೆಯ ತುದಿಗೆ ಬಂದ ಮಾತನ್ನು ಎಲೆಅಡಿಕೆಯ ಜೊತೆ ನುಂಗುತ್ತಿದ್ದ. ದೇವಿರಮ್ಮನಿಗೇ ಕರುಳು ಚುರುಕ್ಕೆಂದು, "ಹೋಗ್ಲಿ ಬುಡು, ಬೆಕ್ಕಿನ ಮೇಲಿನ ಆಣೆ ದನಕ್ಕ್ಯಾಕೆ?" ಎಂದರೂ ಕೇಳಲಿಲ್ಲ. ಅವಳು ಹುಳದ ಮನೆಗೆ ಸಗಣಿ ನೀರು ಹಾಕಿ, ಗಂಜಲ ಚಿಮುಕಿಸಿ ಮೈಲಿಗೆ ಕಳೆದಳು. ಹುಳುಗಳಿಗೇನೂ ಆಗಿರಲಿಲ್ಲ; ಆ ಸಲ ಗೂಡು ಪುಟ್ಟ ಮೊಟ್ಟೆಗಳಂತೆ ತುಂಬಿಬಂತು. ಈಗ ಆ ಕೋಣೆಯಿಲ್ಲ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯಿಲ್ಲ, ಹುಳು ಮೇಯುವಾಗ ಸೋನೆ ಹಿಡಿದಂತೆ ಕೇಳುತ್ತಿದ್ದ ಆ ಸದ್ದೂ ಇಲ್ಲ.

ಗೂಡು ಕೊಳ್ಳಲು ಮೆಹಬೂಬ್ ಪಾಷಾ ಗಾಡಿ ಕಟ್ಟಿಕೊಂಡು ಬಂದಾಗ ಜಾನ್ ಬೀಯೂ ಬಂದಳು. ಜಗಲಿಯ ಮೇಲೆ ಕೆಂಪಸಿದ್ದಯ್ಯ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದನ್ನೇ ಬಿಸಿಲಿಗೆ ಹಿಡಿದು ದಿಟ್ಟಿಸುತ್ತಿದ್ದ.

ಅವಳು ನಗು ತಡೆದುಕೊಂಡು ಕೂತಳು. "ಕೊಡಿ ಸಿದ್ದಯ್ಯಣ್ಣ. ಗಂಡು ಯಾವ್ದು, ಹೆಣ್ಣು ಯಾವ್ದು ನಾನು ಹೇಳ್ತೀನಿ."

ಕೆಂಪಸಿದ್ದಯ್ಯ ಮರಿಗಳನ್ನು ಪಂಚೆಯ ಅಂಚಿನಲ್ಲಿ ಮುಚ್ಚಿಕೊಂಡ.

"ಬ್ಯಾಡ ಕಣ್ ತಾಯಿ, ಯಾರೂ ಯೋಳ್ಬ್ಯಾಡಿ. ನಾನೇ ಕಂಡ್ಕೋತೀನಿ. ಮೂರೂ ದೊಡ್ಡವಾಗ್ಲಿ. ಮರಿ ಆಕಿದ್ದು ಎಣ್ಣು, ಆಕ್ದೆ ಇದ್ದದ್ದು ಗಂಡು!"